ರೈಟ್

ಅಮ್ಮನ ಪಿ.ಎಫ್. ಸಾಲದಲ್ಲಿ ಬಂದ ಕಂಪ್ಯೂಟರು
ಕುತ್ತಾರಿನ ನಮ್ಮ ಚಾವಡಿಯಲ್ಲಿ
ಬೀಡಿ ಎಲೆಯ ಕಟ್ಟಿನ ಪಕ್ಕ ಕೂತಿತ್ತು.
ಒಂದೇ ಟ್ಯೂಬ್‌ಲೈಟಿನ ಕೆಳಗೆ ಇಬ್ಬರಿಗೂ ಕೆಲಸ:
ಅವಳು ಸುಡಲಿಕ್ಕೆಂದು ಸುತ್ತುವವಳು,
ನಾನು ಸುತ್ತಲಿಕ್ಕೆಂದು ಸುಡುವವಳು.

ಸಿಡಿ ರೈಟ್ ಮಾಡುವ ಮನೆ ಎಂದರೆ
ಇಡೀ ಗುಡ್ಡೆಗೆ ಗೊತ್ತಿತ್ತು.
ಖಾಲಿಗೆ ಹನ್ನೆರಡು ರೂಪಾಯಿ, ತುಂಬಿಸಿದ್ದಕ್ಕೆ ಮೂವತ್ತು.
ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದೆ:
ಎಂಪಿತ್ರೀ ಆದರೆ ನೂರೈವತ್ತು ಹಾಡು ಹಿಡಿಯುತ್ತದೆ,
ನಿಮ್ಮ ಹಳೆಯ ಪ್ಲೇಯರಿಗೆ ಮಾತ್ರ ಅದನ್ನು ಓದಲು ಬಾರದು.
ಅದಕ್ಕೆ ತಿಳಿಯುವ ಹಾಗೆ ಬಿಡಿಸಿ ಬರೆದರೆ
ಎಂಬತ್ತೇ ನಿಮಿಷ.
ಯಾವುದು ಬೇಡ, ಅದನ್ನು ಮೊದಲು ಹೇಳಿ.

ಬೇಕಾದ್ದನ್ನು ಪಟಪಟ ಹೇಳಿದವರು
ಇಲ್ಲಿಗೆ ಬಂದು ತಲೆ ಕೆರೆದುಕೊಳ್ಳುತ್ತಿದ್ದರು.

ತೊಂಬತ್ತೇಳು ಪರ್ಸೆಂಟಿಗೆ ಕರೆಂಟು ಹೋಗಿ ಕೆಟ್ಟವು
ಬಸಳೆ ಚಪ್ಪರದಲ್ಲಿ ನೇತಾಡುತ್ತಿದ್ದವು, ಹಕ್ಕಿ ಓಡಿಸಲು.
ಹೆದರಿದ್ದು ಪಕ್ಕದ ಮನೆಯ ಬೆಕ್ಕು ಒಂದೇ.

ಗ್ರೆಗೊರಿಯಣ್ಣ ಬಂದದ್ದು ಕೊನೆಯ ಟ್ರಿಪ್ಪು ಮುಗಿಸಿ,
ಖಾಕಿ ಅಂಗಿಯ ಬೆವರು ಆರುವ ಮೊದಲು.
ಸ್ಟೇಟ್‌ಬ್ಯಾಂಕಿನಿಂದ ದೇರಳಕಟ್ಟೆಗೆ ನಲವತ್ತು ನಿಮಿಷ,
ಹೋಗಿ ಬಂದರೆ ಎಂಬತ್ತು. ಲೆಕ್ಕ ಸರಿ ಉಂಟಲ್ಲ ಮಾರಾಯ್ತಿ?
ಕಂಕನಾಡಿಯವರೆಗೆ ಗಲಾಟೆಯದ್ದು ಬೇಡ,
ರಶ್ಶಿನಲ್ಲಿ ತಲೆ ಕೆಡುತ್ತದೆ.
ಉಳ್ಳಾಲ ಸಂಕದ ಮೇಲೆ ಒಂದು ನಿಧಾನದ್ದು ಹಾಕು,
ಆಮೇಲೆ ಏರಿನಲ್ಲಿ ಸೆಕೆಂಡ್ ಗೇರಿಗೆ ಹೊಂದುವಂಥದ್ದು.
ಹಾಡುಗಳನ್ನು ನಾನು
ಸ್ಟಾಪುಗಳ ಹಾಗೆ ಸಾಲಾಗಿ ನಿಲ್ಲಿಸಿದೆ.

ಕೊನೆಗೆ ಒಂದು ಸಣ್ಣದುಂಟು, ಎಂದು ಮೊಬೈಲು ತೆಗೆದ.
ಮೂವತ್ತೆಂಟು ಸೆಕೆಂಡು.
ಇಂಜಿನ್ನಿನ ಗುರುಗುರುವಿನ ಒಳಗಿಂದ ಐತಪ್ಪಣ್ಣನ ದನಿ:
ಕಂಕನಾಡಿ ಪಂಪ್‌ವೆಲ್ ತೊಕ್ಕೊಟ್ಟು ದೇರಳಕಟ್ಟೇ...
ದುಂಬು ಪೋಲೆ, ದುಂಬು ಪೋಲೆ, ರೈಟ್ ಪೋಯಿ!

ಅಮ್ಮನ ಬೆರಳು ನಿಂತಿತು.
ಗಂಟಲಿನ ಆಪರೇಶನ್ ಆಗಿ ಆರು ತಿಂಗಳು.
ದನಿ ಇರುವ ಪೆಟ್ಟಿಗೆಯನ್ನೇ ತೆಗೆದಿದ್ದಾರೆ.
ಸೋಮವಾರದಿಂದ ಡ್ಯೂಟಿಗೆ ಬರುತ್ತಾನೆ ಅಕ್ಕ,
ಸೀಟಿ ಊದಲಿಕ್ಕೂ ಬಾಯಿಗೆ ಉಸಿರು ಬರುವುದಿಲ್ಲ,
ತಗಡಿಗೆ ಬಡಿಯುತ್ತಾನೆ.

ಅವರು ಎಳೆಯುತ್ತಿದ್ದ ಬೀಡಿಯ ಲೇಬಲು
ಯಾವ ಬಣ್ಣದ್ದು, ಎಂದು ಕೇಳಿದಳು ಅಮ್ಮ.
ಗ್ರೆಗೊರಿಯಣ್ಣ ಅವಳ ಮಡಿಲಿನ ತಡ್ಪೆ ನೋಡಿದ.
ನೆನಪಿಲ್ಲ ಅಕ್ಕ, ಎಂದ,
ಚೆನ್ನಾಗಿ ನೆನಪಿದ್ದವರ ದನಿಯಲ್ಲಿ.

ಮೂವತ್ತೆಂಟು ಸೆಕೆಂಡಿಗೆ ಜಾಗ ಇರಲಿಲ್ಲ.
ಯಾವುದು ಬೇಡ? ಎಂದೆ.
ಸಂಕದ ಮೇಲಿನದನ್ನು ತೆಗೆ. ಅಲ್ಲಿ ಹೇಗೂ ಗಾಳಿ ಉಂಟು.

ಡಿಸ್ಕನ್ನು ಮುಚ್ಚಲೇ? ಕೇಳಿತು ಕಂಪ್ಯೂಟರು.
ಮುಚ್ಚಿದರೆ ಇನ್ನು ಏನನ್ನೂ ಸೇರಿಸುವಂತಿಲ್ಲ.
ಮುಚ್ಚದಿದ್ದರೆ ಬಸ್ಸಿನ ಪ್ಲೇಯರಿನಲ್ಲಿ ಹಾಡುವುದಿಲ್ಲ.
ಹೌದು ಎಂಬಲ್ಲಿ ಒತ್ತಿ ಕೂತೆ,
ಕರೆಂಟಿನ ಮೇಲೆ ಕಣ್ಣಿಟ್ಟು, ಅಮ್ಮನ ಮೇಲೆ ಇಡದೆ.
ಕಾವಲಿಯಿಂದ ಎದ್ದ ಹಾಗೆ ಬೆಚ್ಚಗೆ ಬಂತು ಹೊರಗೆ.
ಆ ರಾತ್ರಿ ಅವಳು ಕಟ್ಟಿದ ಒಂದು ಕಟ್ಟಿನಲ್ಲಿ
ಇಪ್ಪತ್ತೈದರ ಬದಲು ಇಪ್ಪತ್ತನಾಲ್ಕು.
ಮರುದಿನ ಬ್ರಾಂಚಿನಲ್ಲಿ ಬೈಸಿಕೊಂಡು ಬಂದಳು.

ಬುಧವಾರ ನಾನು ಅದೇ ಬಸ್ಸಿನಲ್ಲಿ.
ಪಂಪ್‌ವೆಲ್ಲಿನ ಬ್ಲಾಕಿನಲ್ಲಿ ಸಿಕ್ಕಿ
ಹಾಡುಗಳೆಲ್ಲ ಊರಿಗಿಂತ ಮುಂದೆ ಹೋಗಿದ್ದವು.
ಜೆಪ್ಪಿನಮೊಗರಿನಲ್ಲಿ ನಿಂತಿದ್ದಾಗಲೇ
ಸ್ಪೀಕರು ಕೂಗಿತು ತೊಕ್ಕೊಟ್ಟು ಎಂದು.
ಖಾಲಿ ಮೀನಿನ ಬುಟ್ಟಿ ಎತ್ತಿ ಎದ್ದಳು ಒಬ್ಬಳು ಅಜ್ಜಿ.
ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ್ದ ಐತಪ್ಪಣ್ಣ
ಅವಳ ಭುಜ ಮುಟ್ಟಿ ಕೂರಿಸಿದ,
ಮೇಲೆ ಸ್ಪೀಕರಿನ ಕಡೆ ಕೈ ತೋರಿಸಿ
ಅವನ ಮಾತು ಕೇಳಬೇಡಿ ಎಂಬಂತೆ ತಲೆಯಾಡಿಸಿದ.
ಅಜ್ಜಿ ನಕ್ಕಳು. ಅವನೂ, ಸದ್ದಿಲ್ಲದೆ.

ರೈಟ್ ಪೋಯಿ! ಎಂದಿತು ಸ್ಪೀಕರು.
ಗ್ರೆಗೊರಿಯಣ್ಣ ಬಸ್ಸು ಬಿಡಲಿಲ್ಲ.
ಕಾಲು ಕ್ಲಚ್ಚಿನ ಮೇಲೆ, ಕಣ್ಣು ಕನ್ನಡಿಯಲ್ಲಿ,
ಹಿಂದಿನ ಬಸ್ಸು ಹಾರ್ನು ಬಡಿದರೂ
ಕಾದ,
ತಗಡಿನ ಮೇಲೆ ಎರಡು ಪೆಟ್ಟು ಬೀಳುವ ತನಕ.